ಐ5-7400 ಪಿಸಿಗೆ ಮುಂದೇನು? ವಿಂಡೋಸ್ 11, ಲಿನಕ್ಸ್, ಇಲ್ಲಾ ಬೋರ್ಡೇ ಬದಲಿಸೋದಾ?

ನವನಗರ ಝೆರಾಕ್ಸ್ (ಬಾಗಲಕೋಟೆ)

ನಮಸ್ಕಾರ ಎಲ್ಲರಿಗೂ. ನವನಗರದಲ್ಲಿ ನಮ್ಮದೊಂದು ಸಣ್ಣ ಝೆರಾಕ್ಸ್, ಡಿಟಿಪಿ ಅಂಗಡಿ ಇದೆ. ಅಲ್ಲಿರೋದು ಒಂದೇ ಪಿಸಿ. ಇಂಟೆಲ್‌ನ 7ನೇ ಪೀಳಿಗೆಯ ಐ5-7400 ಪ್ರೊಸೆಸರ್, ಎಚ್110 ಮದರ್‌ಬೋರ್ಡ್, 8 ಜಿಬಿ ಡಿಡಿಆರ್4 ರ‍್ಯಾಮ್ ಒಂದೇ ಸ್ಟಿಕ್, 1 ಟಿಬಿ ಹಾರ್ಡ್ ಡಿಸ್ಕ್, ಎನ್‌ವಿಡಿಯಾ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್. ವಿಂಡೋಸ್ 10.

ಹಗಲು ಅಪ್ಪಾಜಿ ಕೂರುತ್ತಾರೆ. ಅರ್ಜಿ, ಅಫಿಡವಿಟ್, ಮದುವೆ ಪತ್ರಿಕೆ, ಎಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲೇ. ಸಂಜೆ ಶಟರ್ ಇಳಿಸಿದ ಮೇಲೆ ತಮ್ಮನ ಆಟದ ಪಾಳಿ. ವ್ಯಾಲರಂಟ್, ಜಿಟಿಎ 5, ಆಗಾಗ ಮೈನ್‌ಕ್ರಾಫ್ಟ್.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ನಮ್ಮ ಪ್ರೊಸೆಸರ್ 11ಕ್ಕೆ ನಡೆಯೋದಿಲ್ಲ ಅಂತ ತೋರಿಸುತ್ತಿದೆ. ಪಕ್ಕದ ಮೊಬೈಲ್ ಅಂಗಡಿಯವರು ವಿಂಡೋಸ್ ಬದಲು ಉಚಿತ ಲಿನಕ್ಸ್ ಹಾಕಿಸಿ ಅಂತಾರೆ. ತಮ್ಮ ಹೊಸ ಪಿಸಿ ಬೇಕು ಅಂತಾನೆ. ಅಪ್ಪಾಜಿ "ನಡೀತಾ ಇರೋದನ್ನ ಯಾಕೆ ಮುಟ್ತೀರಿ" ಅಂತಾರೆ. ಹತ್ತು ಸಾವಿರದ ಆಸುಪಾಸು ಖರ್ಚು ಮಾಡಬಹುದು. ಆಟಕ್ಕೂ ಆಗಬೇಕು, ಅಪ್ಪಾಜಿಗೂ ಸರಳ ಇರಬೇಕು, ಇನ್ನೂ ನಾಲ್ಕು ವರ್ಷ ತಳ್ಳಬೇಕು. ಏನು ಮಾಡಲಿ?

ಟರ್ಮಿನಲ್ ತಿಮ್ಮ (ಬೆಳಗಾವಿ)

ಲಿನಕ್ಸ್ ಮಿಂಟ್. ಮುಗೀತು.

ಗುಮ್ಮಟನಗರಿ ಗೇಮರ್ (ವಿಜಯಪುರ)

ಎಲ್ಲಿ ಮುಗೀತು ಅಣ್ಣಾ? ವ್ಯಾಲರಂಟ್ ಅಂತ ಬರೆದಿದ್ದು ಕಾಣಿಸಲಿಲ್ವಾ? ಆಟದಲ್ಲಿ ಮೋಸ ತಡೆಯೋ ಅದರ ವ್ಯಾನ್‌ಗಾರ್ಡ್ ಅನ್ನೋ ಕಾವಲು ವಿಂಡೋಸ್‌ನ ತಿರುಳು, ಅಂದರೆ ಕರ್ನಲ್ ಒಳಗೇ ಕೂರುತ್ತೆ. ಲಿನಕ್ಸ್‌ನಲ್ಲಿ ವ್ಯಾಲರಂಟ್ ಆಡೋಕೆ ದಾರಿಯೇ ಇಲ್ಲ. ಇವತ್ತಲ್ಲ, ಮೊದಲಿನಿಂದಲೂ ಇಲ್ಲ.

ಟರ್ಮಿನಲ್ ತಿಮ್ಮ

ಒಂದು ಆಟ ಬಿಟ್ಟರೆ ಏನಾಗುತ್ತೆ? 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ತಂದ ಮೇಲೆ ಕಾಲ ಬದಲಾಗಿದೆ. ವಿಂಡೋಸ್ ಆಟಗಳನ್ನು ಅವರ ಆಟದ ಅಂಗಡಿ ಸ್ಟೀಮ್ ತಾನೇ ಲಿನಕ್ಸ್‌ನಲ್ಲಿ ಓಡಿಸುತ್ತೆ. ಆಟ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ಕೇಳಿದ್ದನ್ನು ಡಿಎಕ್ಸ್‌ವಿಕೆ ಅನ್ನೋದು ಲಿನಕ್ಸ್‌ಗೆ ತಿಳಿಯೋ ವಲ್ಕನ್ ಭಾಷೆಗೆ ತಿರುಗಿಸಿ ಕಾರ್ಡಿಗೆ ಕೊಡುತ್ತೆ. ನೀವು ಮಾಡಬೇಕಾದ್ದು ಇನ್‌ಸ್ಟಾಲ್ ಒತ್ತೋದಷ್ಟೇ. 2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡೋ ಸ್ಟೀಮ್ ಡೆಕ್ ಪೂರ್ತಿ ಲಿನಕ್ಸ್ ಮೇಲೇ ನಿಂತಿದೆ. 2025ರ ಅಕ್ಟೋಬರ್‌ನಲ್ಲಿ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು ಮೊದಲ ಸಲ ಶೇ 3 ದಾಟಿತು.

ಗುಮ್ಮಟನಗರಿ ಗೇಮರ್

ಶೇ 3. ಪಾರ್ಟಿ ಯಾವಾಗ?

ಕರದಂಟು 404 (ಗೋಕಾಕ)

ಗೋಕಾಕಕ್ಕೆ ಬನ್ನಿ, ನಾನೇ ಕೊಡಿಸ್ತೀನಿ.

ರಿಪೇರಿ ಕಾಕಾ (ವಿಜಯಪುರ)

ಝೆರಾಕ್ಸ್ ತಮ್ಮಾ, ಮೊದಲು ಮಷಿನ್ ಕಡೆ ನೋಡು. ವಿಂಡೋಸೋ ಲಿನಕ್ಸೋ ಆಮೇಲೆ. 2026ರಲ್ಲೂ ಹಾರ್ಡ್ ಡಿಸ್ಕ್‌ನಿಂದ ಬೂಟ್ ಮಾಡ್ತಾ ಇದ್ದೀರಲ್ಲ, ಅದೇ ದೊಡ್ಡ ರೋಗ. ಎತ್ತು ಸೊರಗಿರೋವಾಗ ಬಂಡಿಗೆ ಬಣ್ಣ ಹಚ್ಚಿ ಏನು ಬಂತು? ಬೂಟ್‌ಗೆ ವೇಗದ ಎಸ್‌ಎಸ್‌ಡಿ ಹಾಕು. ಎಚ್110 ಬೋರ್ಡುಗಳಲ್ಲಿ ಜಾಸ್ತಿ ಅದನ್ನು ನೇರ ಕೂರಿಸೋ ಎಂ.2 ಸಾಕೆಟ್ ಇರೋದಿಲ್ಲ. ಇಲ್ಲದಿದ್ದರೆ ಚಿಂತೆ ಬೇಡ, ಸಾಟಾ ಎಸ್‌ಎಸ್‌ಡಿ ಬರೋಬ್ಬರಿ ಹೊಂದುತ್ತೆ. ಹಳೆ ಹಾರ್ಡ್ ಡಿಸ್ಕ್ ಒಳಗೇ ಇರಲಿ, ಅಪ್ಪಾಜಿ ಫೈಲುಗಳಿಗೆ ಆಗುತ್ತೆ.

ಎರಡನೇದು ರ‍್ಯಾಮ್. ಒಂದೇ ಸ್ಟಿಕ್ ಇದ್ದರೆ ಸಿಂಗಲ್ ಚಾನೆಲ್. ಇನ್ನೊಂದು 8 ಜಿಬಿ ಹಾಕಿದರೆ ಡ್ಯುಯಲ್ ಚಾನೆಲ್ ಆಗುತ್ತೆ, ಜಿಟಿಎ ಆಡೋವಾಗ ಮಧ್ಯ ಮಧ್ಯ ತಡೆದು ನಿಲ್ಲೋದು ಕಮ್ಮಿ ಆಗುತ್ತೆ. ಆದರೆ ಈಗ ರ‍್ಯಾಮ್ ರೇಟು ಕೇಳಿದರೆ ತಲೆ ತಿರುಗುತ್ತೆ. ಎಐ ಡೇಟಾ ಸೆಂಟರ್‌ಗಳಿಗೇ ಚಿಪ್ಪು ಹೋಗ್ತಾ ಇದೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಬಿಡ್ತೀವಿ ಅಂತ ಹೇಳಿಬಿಟ್ಟಿತು. ಹಾಗಾಗಿ ಚಲೋ ಸೆಕೆಂಡ್‌ಹ್ಯಾಂಡ್ ಸ್ಟಿಕ್ ಸಿಕ್ಕರೆ ಬಿಡಬೇಡ, ಒಂದು ರಾತ್ರಿ ಅದನ್ನು ಪರೀಕ್ಷಿಸೋ ಮೆಮ್‌ಟೆಸ್ಟ್ ಓಡಿಸಿ ತಗೋ.

ಸುಮ್ನೆ ಓದುವವ (ಮುದ್ದೇಬಿಹಾಳ)

ಕಾಕಾ ಹೇಳಿದ್ದು ಖರೆ. ಎಸ್‌ಎಸ್‌ಡಿ ಹಾಕಿದ ದಿನ ನಮ್ಮ ಮನೆಯಲ್ಲಿ ಹೊಸ ಪಿಸಿ ಬಂತು ಅಂದುಕೊಂಡರು.

ಚಿಕ್ಕೋಡಿ ಚಿಪ್ (ಚಿಕ್ಕೋಡಿ)

ಇಷ್ಟೆಲ್ಲ ಯಾಕೆ? 8ನೇ ಪೀಳಿಗೆಯ ಐ5-8400 ಕೂಡ 1151 ಸಾಕೆಟ್ಟೇ. ಅದೊಂದು ಸೆಕೆಂಡ್‌ಹ್ಯಾಂಡ್ ತಗೊಂಡು ಇದೇ ಬೋರ್ಡಿಗೆ ಕೂರಿಸಿ. 11ಕ್ಕೆ ಅರ್ಹತೆ ಬಂತು.

ರಿಪೇರಿ ಕಾಕಾ

ಹಾಗೆ ಮಾಡಬೇಡ ತಮ್ಮಾ. ಸಾಕೆಟ್ ಹೆಸರು ಒಂದೇ, ಒಳಗಿನ ವೈರಿಂಗ್ ಬೇರೆ. 6 ಮತ್ತು 7ನೇ ಪೀಳಿಗೆಗೆ 100, 200 ಸರಣಿ ಬೋರ್ಡು. 8, 9ಕ್ಕೆ 300 ಸರಣಿ, ಅಂದರೆ ಎಚ್310, ಬಿ360 ಇಂಥವು. ಎಚ್110 ಮೇಲೆ 8400 ಕೂರಿಸಿದರೆ ಆನ್ ಆಗೋದಿಲ್ಲ.

ಚಿಕ್ಕೋಡಿ ಚಿಪ್

ಬಯಾಸ್, ಅಂದರೆ ಬೋರ್ಡಿನ ಮೂಲ ತಂತ್ರಾಂಶ, ಮಾರ್ಪಾಡು ಮಾಡಿ, ಪಿನ್ನಿಗೆ ಟೇಪ್ ಹಚ್ಚಿ ಓಡಿಸಿದವರು ಇದ್ದಾರೆ ಕಾಕಾ. ವಿಡಿಯೋ ನೋಡಿದ್ದೀನಿ.

ರಿಪೇರಿ ಕಾಕಾ

ವಿಡಿಯೋದವನು ಅಂಗಡಿ ನಡೆಸೋದಿಲ್ಲ, ಇವರು ನಡೆಸಬೇಕು.

ಚಿಕ್ಕೋಡಿ ಚಿಪ್

ಆಗುತ್ತೆ ಅನ್ನೋದಷ್ಟೇ ನನ್ನ ಮಾತು. ಮಾಡಿ ಅಂತ ಒತ್ತಾಯ ಇಲ್ಲ.

ಡಿಟಿಪಿ ಅಕ್ಕ (ಇಳಕಲ್ಲ)

ಎಲ್ಲರೂ ತಮ್ಮನ ಆಟದ ಹಿಂದೆ ಬಿದ್ದಿದ್ದೀರಿ. ಆ ಪಿಸಿ ರೊಕ್ಕ ದುಡಿಯೋದು ಹಗಲು. ನಾನೂ ಇದೇ ಧಂದೆಯಲ್ಲಿ ಇದ್ದೀನಿ, ಸ್ವಲ್ಪ ಉದ್ದ ಬರೀತೀನಿ.

ಮೊದಲು ಅಪ್ಪಾಜಿ ಹತ್ತಿರ ಒಂದು ಮಾತು ಕೇಳಿ: ಅವರ ಹಳೆ ಫೈಲುಗಳು ಎಲ್ಲ ಕಂಪ್ಯೂಟರ್‌ಗೂ ಕನ್ನಡ ಅಂತ ಗೊತ್ತಾಗೋ ಯುನಿಕೋಡ್‌ನಲ್ಲಿವೆಯಾ, ಹಳೆ ನುಡಿ ಫಾಂಟ್‌ನಲ್ಲಿವೆಯಾ? ಕನ್ನಡ ಗಣಕ ಪರಿಷತ್ತು ಮಾಡಿದ ನುಡಿಯಲ್ಲಿ ಎರಡೂ ಬರುತ್ತೆ. ಹಳೆ ಪದ್ಧತಿಯಲ್ಲಿ ಕಂಪ್ಯೂಟರ್‌ಗೆ ಅದು ಕನ್ನಡ ಅಂತಲೇ ಗೊತ್ತಿರೋದಿಲ್ಲ. ಒಳಗೆ ಕೂತಿರೋದು ಇಂಗ್ಲಿಷ್ ಅಕ್ಷರದ ಸಂಕೇತ, ಮೇಲೆ ಫಾಂಟ್ ಮಾತ್ರ ಕನ್ನಡದ ತುಂಡುಗಳನ್ನು ಬರೆದು ತೋರಿಸುತ್ತೆ. ಫಾಂಟ್ ಇಲ್ಲದ ಮಷಿನ್‌ನಲ್ಲಿ ತೆಗೆದರೆ ಬರೀ ಅಡ್ಡಾದಿಡ್ಡಿ ಇಂಗ್ಲಿಷ್.

ಯುನಿಕೋಡ್ ಇದ್ದರೆ ಲಿನಕ್ಸ್‌ನಲ್ಲಿ ಏನೂ ತೊಂದರೆ ಇಲ್ಲ. ಐಬಸ್ ಅನ್ನೋ ಟೈಪಿಂಗ್ ಸಾಧನ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ಕೆಜಿಪಿ ಅನ್ನೋ ಕೀಲಿಮಣೆ ಸಿಗುತ್ತೆ. ನುಡಿ ಬಲ್ಲ ಬೆರಳಿಗೆ ಅದೇ ಜಾಗ, ಅದೇ ಅಕ್ಷರ. ಹಳೆ ಫಾಂಟ್ ಫೈಲನ್ನು ವರ್ಡ್ ತರದ ಲಿಬ್ರೆ ಆಫೀಸ್‌ನಲ್ಲಿ ಓದಬಹುದು, ಆ ಫಾಂಟ್ ಹಾಕಿಕೊಂಡಿದ್ದರೆ. ಆದರೆ ಅದರಲ್ಲೇ ಮುಂದುವರಿಸಿ ಟೈಪ್ ಮಾಡೋಕೆ ನುಡಿ ತಂತ್ರಾಂಶವೇ ಬೇಕು, ಅದು ವಿಂಡೋಸ್‌ನದ್ದು.

ಇನ್ನು ಮದುವೆ ಪತ್ರಿಕೆ. ನಮ್ಮ ಕಡೆ ಡಿಟಿಪಿ ಅಂಗಡಿಯಲ್ಲಿ ಈಗಲೂ ಪುಟ ಜೋಡಿಸೋ ಪೇಜ್‌ಮೇಕರ್ 7 ನಡೀತಾ ಇದೆ. ಅದರ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಹಾಗಾಗಿ ಪತ್ರಿಕೆ ಎಲ್ಲ ಹಳೆ ಫಾಂಟ್‌ನಲ್ಲೇ ಉಳಿದುಬಿಟ್ಟಿದೆ. ಅತ್ತ ಸರ್ಕಾರಿ ಆನ್‌ಲೈನ್ ಅರ್ಜಿಗೆ ಯುನಿಕೋಡ್ ಬೇಕೇ ಬೇಕು. ಎರಡು ದೋಣಿಯಲ್ಲಿ ಕಾಲು ನಮ್ಮದು. ಕೋರೆಲ್‌ಡ್ರಾ, ಫೋಟೋಶಾಪ್ ಕೂಡ ಲಿನಕ್ಸ್‌ಗೆ ಇಲ್ಲ. ಟ್ಯಾಲಿಯೂ ವಿಂಡೋಸ್‌ಗೇ.

ನನ್ನ ಮಾತು ಇಷ್ಟೇ. ಅಂಗಡಿ ಕೆಲಸಕ್ಕೆ ವಿಂಡೋಸ್ ಇರಲಿ.

ಟರ್ಮಿನಲ್ ತಿಮ್ಮ

ಅಕ್ಕಾರ, ಪುಟ ಜೋಡಿಸೋಕೆ ಸ್ಕ್ರೈಬಸ್, ಚಿತ್ರಕ್ಕೆ ಇಂಕ್‌ಸ್ಕೇಪ್ ಇವೆ. ಎರಡೂ ಉಚಿತ, ಎರಡಕ್ಕೂ ಯುನಿಕೋಡ್ ಕನ್ನಡ ಬರುತ್ತೆ. ಎಷ್ಟು ವರ್ಷ ಅಂತ 2001ರ ಸಾಫ್ಟ್‌ವೇರ್ ಹಿಡಿದು ಕೂರೋದು?

ಡಿಟಿಪಿ ಅಕ್ಕ

ಗಿರಾಕಿ "ಹೋದ ವರ್ಷ ಅಕ್ಕನ ಮದುವೆಗೆ ಮಾಡಿದ್ರಲ್ಲ, ಅದನ್ನೇ ತೆಗೀರಿ, ಹೆಸರಷ್ಟೇ ಬದಲಿಸಿ" ಅಂತ ಎದುರು ನಿಂತಿರ್ತಾನೆ. ಅವನಿಗೆ ಸ್ಕ್ರೈಬಸ್ ಪಾಠ ಮಾಡಲಾ? ನಮ್ಮ ಹತ್ತಿರ ಇರೋ ಆಸ್ತಿ ಅಂದರೆ ಹಳೆ ಫೈಲೇ ತಿಮ್ಮಣ್ಣ.

ವಿಟಿಯು ಬ್ಯಾಕ್‌ಲಾಗ್ (ಬೆಳಗಾವಿ)

ಅಕ್ಕ ಒಂದೇ ಏಟಿಗೆ ಹೊಡೆದರು 😂

ನವನಗರ ಝೆರಾಕ್ಸ್

ಅಕ್ಕಾ, ಕೇಳಿದೆ. ಅರ್ಜಿಗಳು ಎರಡೂ ತರದವು. ಪತ್ರಿಕೆ ಪೂರ್ತಿ ಪೇಜ್‌ಮೇಕರ್, ಹಳೆ ನುಡಿ ಫಾಂಟ್. ಅಪ್ಪಾಜಿ ಹತ್ತಿರ ಎಷ್ಟೋ ವರ್ಷದ ಫೈಲು ಇದೆ. ಹಾಗಾದರೆ ವಿಂಡೋಸ್ ಬಿಡೋಕೆ ಆಗೋದಿಲ್ಲ ಅಂತಾಯ್ತು. 10ರಲ್ಲೇ ಇದ್ದರೆ ಏನು ಅಪಾಯ?

ಖಾನಾಪುರ ಮಳೆ (ಖಾನಾಪುರ)

ನಾಳೆಯೇ ಬಂದ್ ಆಗೋದಿಲ್ಲ. ಹೊಸ ಭದ್ರತಾ ತೇಪೆಗಳು ಬರೋದಿಲ್ಲ, ಅಷ್ಟೇ. ಆದರೆ ನಿಮ್ಮದು ಝೆರಾಕ್ಸ್ ಅಂಗಡಿ. ದಿನಾ ಊರಿನ ಪೆನ್‌ಡ್ರೈವ್ ಎಲ್ಲ ಅದಕ್ಕೇ ಚುಚ್ಚುತ್ತಾರೆ. ಮನೆ ಪಿಸಿಗಿಂತ ನಿಮಗೆ ಅಪಾಯ ಜಾಸ್ತಿ.

ಒಂದು ದಾರಿ ಇದೆ. ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಭದ್ರತಾ ಯೋಜನೆ ಕೊಟ್ಟಿದೆ, ಇಎಸ್‌ಯು ಅಂತ. 2026ರ ಅಕ್ಟೋಬರ್ 13ರ ತನಕ. ವಿಂಡೋಸ್ 10ರ ಆವೃತ್ತಿ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಚಾಲೂ ಮಾಡಿದರೆ ರೊಕ್ಕ ಇಲ್ಲ. ಇಲ್ಲಾ 1000 ರಿವಾರ್ಡ್ಸ್ ಪಾಯಿಂಟ್, ಇಲ್ಲಾ 30 ಡಾಲರ್. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಲಿಂಕ್ ಕಾಣುತ್ತೆ.

ನವನಗರ ಝೆರಾಕ್ಸ್

ಇದು ಗೊತ್ತೇ ಇರಲಿಲ್ಲ. ಅಲ್ಲಿಗೆ ಕೆಲವು ತಿಂಗಳು ಉಸಿರಾಡಬಹುದು.

ಕುಂದಾ ಪ್ರಿಯ (ಬೆಳಗಾವಿ, ಟಿಳಕವಾಡಿ)

ಇದೆಲ್ಲ ಜಂಜಾಟ ಯಾಕ್ರಿ? ಮ್ಯಾಕ್ ಮಿನಿ ತಗೊಳ್ಳಿ. ನಾನು ಎಂ1 ಏರ್ ಬಳಸೋನು. 2020ರ ಚಿಪ್ಪು, ಹೊಸ ಮ್ಯಾಕ್‌ಒಎಸ್ 26 ಕೂಡ ಆರಾಮ ಓಡುತ್ತೆ. ಫ್ಯಾನ್ ಇಲ್ಲ, ಸದ್ದಿಲ್ಲ, ಆಕ್ಟಿವೇಶನ್ ಕಾಟ ಇಲ್ಲ.

ಗುಮ್ಮಟನಗರಿ ಗೇಮರ್

ಹತ್ತು ಸಾವಿರ ಅಂತ ಬರೆದಿದ್ದಾರೆ ಸರ್. ಎಂ4 ಮ್ಯಾಕ್ ಮಿನಿ ಬಿಡುಗಡೆ ಆದಾಗಲೇ 59,900 ರೂಪಾಯಿ. ಅದರಲ್ಲಿ ವ್ಯಾಲರಂಟ್ ಇಲ್ಲ, ಜಿಟಿಎ 5 ಇಲ್ಲ, ಕೌಂಟರ್ ಸ್ಟ್ರೈಕ್ 2 ಇಲ್ಲ. ಪೇಜ್‌ಮೇಕರ್ ಕೇಳಲೇಬೇಡಿ.

ಕುಂದಾ ಪ್ರಿಯ

ಸೈಬರ್‌ಪಂಕ್ 2077 ಮ್ಯಾಕ್‌ಗೆ 2025ರ ಜುಲೈನಲ್ಲಿ ಬಂತು. ಬಾಲ್ಡರ್ಸ್ ಗೇಟ್ 3 ಇದೆ. ಮೊದಲಿನ ಹಾಗಿಲ್ಲ.

ಗುಮ್ಮಟನಗರಿ ಗೇಮರ್

ಆ ಸೈಬರ್‌ಪಂಕ್‌ಗೆ ಕನಿಷ್ಠ 16 ಜಿಬಿ ಬೇಕು. ನಿಮ್ಮ ಎಂ1 ಏರ್ ಎಷ್ಟರದ್ದು?

ಕುಂದಾ ಪ್ರಿಯ

8. ನಾನು ಆಟ ಆಡೋನಲ್ಲ.

ಟರ್ಮಿನಲ್ ತಿಮ್ಮ

ಅದಕ್ಕೆ ಇನ್ನೊಂದು ಸ್ಟಿಕ್ ಹಾಕೋಣ ಅಂದರೆ ಜಾಗವೇ ಇಲ್ಲ. ಕೊಂಡ ದಿನ ಎಷ್ಟಿತ್ತೋ ಸಾಯೋ ತನಕ ಅಷ್ಟೇ. ಹಳೆ ಆಟದ ಕತೆಯೂ ಹಾಗೇ. 2019ರ ಮ್ಯಾಕ್‌ಒಎಸ್ ಕ್ಯಾಟಲಿನಾದಲ್ಲಿ 32 ಬಿಟ್ ಪ್ರೋಗ್ರಾಂ ಎಲ್ಲ ಒಂದೇ ಸಲ ಕತ್ತರಿಸಿ ಹಾಕಿದರು. ರೊಕ್ಕ ಕೊಟ್ಟು ಕೊಂಡ ಆಟಗಳು ಅವತ್ತಿಗೆ ಸತ್ತವು. ವಿಂಡೋಸ್‌ನವರು ಏನೇ ಮಾಡಲಿ, ಹಳೆಯದನ್ನು ಇಷ್ಟು ಸಲೀಸಾಗಿ ಕೈಬಿಡೋದಿಲ್ಲ. ನಾನೇ ಹೇಳ್ತಾ ಇದ್ದೀನಿ ನೋಡಿ.

ಕರದಂಟು 404

ತಿಮ್ಮಣ್ಣ ವಿಂಡೋಸ್ ಹೊಗಳಿದ. ಈ ವರ್ಷ ಮಳೆ ಜಗ್ಗಿ.

ನಾನೇ ಆ ತಮ್ಮ (ಬಾಗಲಕೋಟೆ)

ನಾನೇ ಆ ತಮ್ಮ. ಅಣ್ಣ ನನಗೆ ಹೇಳದೆ ಇಲ್ಲಿ ಬರೆದಿದ್ದಾನೆ. ಸ್ಪಷ್ಟ ಹೇಳ್ತೀನಿ, ವ್ಯಾಲರಂಟ್ ಬಿಡೋದಿಲ್ಲ. ನನ್ನ ಗೆಳೆಯರೆಲ್ಲ ಅದರಲ್ಲೇ ಇದ್ದಾರೆ. ಜಿಟಿಎ ಆನ್‌ಲೈನ್ ಕೂಡ ಬೇಕು. ಲಿನಕ್ಸ್‌ನಲ್ಲಿ ಅದಾದರೂ ಆಗುತ್ತಾ?

ಗುಮ್ಮಟನಗರಿ ಗೇಮರ್

ಜಿಟಿಎ 5 ಕತೆ ಆಡಬಹುದು, ಚೆನ್ನಾಗೇ ಓಡುತ್ತೆ. ಆನ್‌ಲೈನ್ ಆಗೋದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮೋಸ ತಡೆಯೋ ಬ್ಯಾಟಲ್‌ಐ ಸೇರಿಸಿದರು, ಅವತ್ತಿನಿಂದ ಲಿನಕ್ಸ್‌ನವರು ಹೊರಗೆ. ಅದೇ ವರ್ಷ ಅಕ್ಟೋಬರ್ ಕೊನೆಗೆ ಏಪೆಕ್ಸ್ ಲೆಜೆಂಡ್ಸ್‌ನವರೂ ಬಾಗಿಲು ಹಾಕಿದರು. ಫೋರ್ಟ್‌ನೈಟ್ ಇಲ್ಲ. ಫೋನ್ ಆಟಕ್ಕೆ ಬ್ಲೂಸ್ಟ್ಯಾಕ್ಸ್ ಅಂದರೆ ಅದಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ಕೌಂಟರ್ ಸ್ಟ್ರೈಕ್ 2, ಡೋಟಾ 2, ಮೈನ್‌ಕ್ರಾಫ್ಟ್ ಜಾವಾ, ಇವು ಲಿನಕ್ಸ್‌ಗೆ ನೇರವಾಗೇ ಇವೆ.

ಟರ್ಮಿನಲ್ ತಿಮ್ಮ

ಇಲ್ಲೊಂದು ವಿಷಯ ಬಿಟ್ಟಿರಿ. ಬ್ಯಾಟಲ್‌ಐ, ಈಸಿ ಆಂಟಿಚೀಟ್ ಎರಡೂ 2021ರಿಂದಲೇ ಪ್ರೋಟಾನ್ ಜೊತೆ ಕೆಲಸ ಮಾಡಬಲ್ಲವು. ಆಟ ಮಾಡಿದ ಕಂಪನಿ ಹೂಂ ಅನ್ನಬೇಕು. ಅವರು ಅನ್ನೋದಿಲ್ಲ. ಇದು ಲಿನಕ್ಸ್‌ನ ದೋಷ ಅಲ್ಲ.

ನಾನೇ ಆ ತಮ್ಮ

ಯಾರ ದೋಷ ಆದರೂ ಆಡೋಕೆ ಆಗೋದಿಲ್ಲ ಅಲ್ವಾ ಅಣ್ಣಾ?

ಟರ್ಮಿನಲ್ ತಿಮ್ಮ

ಆಡೋಕೆ ಆಗೋದಿಲ್ಲ.

ತಾಳಿಕೋಟಿ ಟೆಕ್ಕಿ (ತಾಳಿಕೋಟೆ)

ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕೋಕೆ ರೂಫಸ್ ಅನ್ನೋ ಸಾಧನ ಇದೆ, ಅದನ್ನು ಬಳಸಿ 11 ಹಾಕಿ. ಪೆನ್‌ಡ್ರೈವ್ ತಯಾರು ಮಾಡೋವಾಗಲೇ 11ರ ಅರ್ಹತೆ ತಪಾಸಣೆ ಬಿಟ್ಟುಬಿಡು ಅನ್ನೋ ಆಯ್ಕೆ ಇದೆ. 7400 ಮೇಲೆ ಆರಾಮ ಓಡುತ್ತೆ.

ಖಾನಾಪುರ ಮಳೆ

ಓಡುತ್ತೆ, ಆದರೆ ಮೂರು ಮಾತು ತಿಳಿದಿರಲಿ. ಇಂಥ ಮಷಿನ್‌ಗೆ ಅಪ್‌ಡೇಟ್ ಕೊಟ್ಟೇ ಕೊಡ್ತೀವಿ ಅಂತ ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ. ತಿಂಗಳ ತೇಪೆ ಸಾಮಾನ್ಯವಾಗಿ ಬರುತ್ತವೆ. ವರ್ಷಕ್ಕೊಮ್ಮೆ ಬರೋ ದೊಡ್ಡ ಆವೃತ್ತಿಗೆ ಮತ್ತೆ ಪೆನ್‌ಡ್ರೈವ್ ಹಿಡಿದು ಕೂರಬೇಕು.

ಆಮೇಲೆ ವ್ಯಾಲರಂಟ್. ವಿಂಡೋಸ್ 11ರಲ್ಲಿ ವ್ಯಾನ್‌ಗಾರ್ಡ್‌ಗೆ ಟಿಪಿಎಂ 2.0 (ಭದ್ರತಾ ಕೀಲಿ ಇಡೋ ಭಾಗ) ಮತ್ತು ಸೆಕ್ಯೂರ್ ಬೂಟ್ (ನಂಬಿಕೆಯ ಒಎಸ್ ಮಾತ್ರ ಶುರು ಮಾಡೋ ವ್ಯವಸ್ಥೆ) ಎರಡೂ ಚಾಲೂ ಇರಲೇಬೇಕು. ವಿಂಡೋಸ್ ತಪಾಸಣೆಯನ್ನು ರೂಫಸ್ ದಾಟಿಸಬಹುದು, ವ್ಯಾನ್‌ಗಾರ್ಡ್‌ನ ತಪಾಸಣೆಯನ್ನಲ್ಲ. ಒಳ್ಳೆ ಸುದ್ದಿ ಅಂದರೆ 7ನೇ ಪೀಳಿಗೆಯ ಇಂಟೆಲ್‌ಗೆ ಪಿಟಿಟಿ ಅನ್ನೋ ಒಳಗಿನ ಟಿಪಿಎಂ ಇದೆ. ಬಯಾಸ್‌ನಲ್ಲಿ ಹುಡುಕಿ ಚಾಲೂ ಮಾಡಿ.

ಮೂರನೇದು, ಹಳೆ ವಿಂಡೋಸ್ ಲೆಗಸಿ ಅನ್ನೋ ಹಳೆ ಪದ್ಧತಿಯ ಬೂಟ್‌ನಲ್ಲಿ, ಎಂಬಿಆರ್ ಅನ್ನೋ ಹಳೆ ವಿನ್ಯಾಸದ ಡಿಸ್ಕ್ ಮೇಲೆ ಕೂತಿದ್ದರೆ ಸೆಕ್ಯೂರ್ ಬೂಟ್ ಆಗೋದಿಲ್ಲ. ವಿಂಡೋಸ್ ಒಳಗೇ ಎಂಬಿಆರ್2ಜಿಪಿಟಿ ಅನ್ನೋ ಸಾಧನ ಇದೆ, ಡೇಟಾ ಅಳಿಸದೆ ಬದಲಿಸುತ್ತೆ. ಆದರೂ ಅಪ್ಪಾಜಿ ಫೈಲುಗಳ ಪ್ರತಿ ತೆಗೆದು ಹೊರಗೆ ಇಟ್ಟ ಮೇಲೆಯೇ ಕೈ ಹಚ್ಚಿ.

ರಿಪೇರಿ ಕಾಕಾ

ಇದಕ್ಕೆ ಇನ್ನೊಂದು ಸೇರಿಸ್ತೀನಿ. ಹೊಸ ಲ್ಯಾಪ್‌ಟಾಪ್ ಇರೋರು ಬಯಾಸ್ ಮುಟ್ಟೋ ಮೊದಲು ಡಿಸ್ಕ್‌ಗೆ ಬೀಗ ಹಾಕೋ ಬಿಟ್‌ಲಾಕರ್ ಚಾಲೂ ಇದೆಯಾ ನೋಡಿ. ವಿಂಡೋಸ್ 11ರ 24ಎಚ್2 ಆವೃತ್ತಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದರೆ ಎಷ್ಟೋ ಸಲ ತಾನೇ ಚಾಲೂ ಆಗಿರುತ್ತೆ. ಟಿಪಿಎಂ ಬದಲಿಸಿದ ಕೂಡಲೇ 48 ಅಂಕಿಯ ಕೀ ಕೇಳುತ್ತೆ. ಕೀ ಎಲ್ಲಿದೆ ಅಂತ ಗೊತ್ತಿಲ್ಲದೆ ಅಂಗಡಿಗೆ ಬರೋ ಮಂದಿ ಈಗ ಜಾಸ್ತಿ. ನಮ್ಮ ಕೈಯಲ್ಲೂ ಏನೂ ಇಲ್ಲ.

ಸುಮ್ನೆ ಓದುವವ

ಕಾಕಾ, ಬೇಸಿಗೆಯಲ್ಲಿ ನನ್ನ ಪಿಸಿ ಆಟದ ಮಧ್ಯೆ ತಾನೇ ಬಂದ್ ಆಗುತ್ತೆ. ಅದು ವಿಂಡೋಸ್ ತೊಂದರೆಯಾ? ಲಿನಕ್ಸ್ ಹಾಕಿದರೆ ಸರಿ ಆಗುತ್ತಾ?

ರಿಪೇರಿ ಕಾಕಾ

ಏಪ್ರಿಲ್, ಮೇದಲ್ಲಿ ನಮ್ಮ ಕಡೆ 40 ಡಿಗ್ರಿ. ಅದಕ್ಕೆ ಯಾವ ಒಎಸ್ ಹಾಕಿದರೂ ಅಷ್ಟೇ. ಬ್ಲೋವರ್ ಹಿಡಿದು ಧೂಳು ಹೊಡಿ. ಫ್ಯಾನ್ ಬೆರಳಲ್ಲಿ ಹಿಡಿದುಕೊಂಡು ಹೊಡಿ, ಇಲ್ಲಾಂದರೆ ಜೋರಾಗಿ ತಿರುಗಿ ಹಾಳಾಗುತ್ತೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣ ಆಗಿರುತ್ತೆ, ಅದನ್ನು ಒರೆಸಿ ಹೊಸದು ಹಚ್ಚು. ಕ್ಯಾಬಿನೆಟ್ ಗೋಡೆಗೆ ಒತ್ತಿ ಇಡಬೇಡ.

ಡಿಟಿಪಿ ಅಕ್ಕ

ಕರೆಂಟ್ ಬಗ್ಗೆ ಯಾರೂ ಮಾತಾಡಲಿಲ್ಲ. ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋದರೆ ಮರುದಿನ ಅಂಗಡಿ ಬಂದ್. ಯುಪಿಎಸ್ ಬ್ಯಾಟರಿ ಬದಲಿಸೋ ರೊಕ್ಕವನ್ನೂ ಆ ಹತ್ತು ಸಾವಿರದಲ್ಲೇ ಹಿಡೀರಿ.

ಬದಾಮಿ ಬಿಟ್ಸ್ (ಬಾದಾಮಿ)

ಡ್ಯುಯಲ್ ಬೂಟ್, ಅಂದರೆ ಒಂದೇ ಪಿಸಿಯಲ್ಲಿ ಎರಡೂ ಒಎಸ್, ಯಾಕಾಗಬಾರದು? ನಾನು ಹಾಗೇ ಇಟ್ಟುಕೊಂಡಿದ್ದೀನಿ. ಬ್ಯಾಂಕ್, ಮೇಲ್, ಇಂಟರ್ನೆಟ್ ಎಲ್ಲ ಮಿಂಟ್‌ನಲ್ಲಿ. ಆಟ ವಿಂಡೋಸ್‌ನಲ್ಲಿ. ಒಂದೇ ತಲೆನೋವು, ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದರೆ ಗಡಿಯಾರ ಹಿಂದೆ ಹೋಗಿರುತ್ತೆ. ಸಂಜೆ 7 ಆಗಿದ್ದರೆ ಮಧ್ಯಾಹ್ನ 1:30 ಅನ್ನುತ್ತೆ.

ಟರ್ಮಿನಲ್ ತಿಮ್ಮ

ಸರಿಯಾಗಿ ಐದೂವರೆ ಗಂಟೆ, ನೋಡಿದಿರಾ? ಬೋರ್ಡ್ ಮೇಲಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಸಮಯ ಇಡುತ್ತೆ, ವಿಂಡೋಸ್ ಊರಿನ ಸಮಯ ಅಂತ ಓದುತ್ತೆ. ಬೋರ್ಡಿನ ಗಡಿಯಾರ ಊರಿನ ಸಮಯದಲ್ಲೇ ಇರಲಿ ಅಂತ ಲಿನಕ್ಸ್‌ಗೆ ಒಂದು ಸಾಲಿನಲ್ಲಿ ಹೇಳಬಹುದು. ಆಮೇಲೆ ಇಬ್ಬರೂ ಜಗಳ ಆಡೋದಿಲ್ಲ.

ಇನ್ನೆರಡು ಕಿವಿಮಾತು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿ. ಅದಿದ್ದರೆ ವಿಂಡೋಸ್ ಪೂರ್ತಿ ಮಲಗಿರೋದಿಲ್ಲ, ಲಿನಕ್ಸ್‌ನಿಂದ ಆ ಡ್ರೈವ್ ಓದಬಹುದು, ಬರೆಯೋಕೆ ಆಗೋದಿಲ್ಲ. ಸ್ಟೀಮ್ ಆಟಗಳನ್ನು ವಿಂಡೋಸ್‌ನ ಎನ್‌ಟಿಎಫ್‌ಎಸ್ ಡ್ರೈವ್‌ನಲ್ಲಿಟ್ಟು ಎರಡೂ ಕಡೆಯಿಂದ ಆಡೋ ಆಸೆ ಬೇಡ. ಪ್ರೋಟಾನ್‌ಗೆ ಅದು ಸೇರೋದಿಲ್ಲ.

ವಿಟಿಯು ಬ್ಯಾಕ್‌ಲಾಗ್

ನಮ್ಮ ಲ್ಯಾಬ್‌ನಲ್ಲಿ ಪೂರ್ತಿ ಉಬುಂಟು. ಜೂನಿಯರ್‌ಗಳು ಅದರಲ್ಲಿ ಕೋಡ್ ಬಿಟ್ಟು ಬೇರೆಲ್ಲ ಮಾಡ್ತಾರೆ. ಹಾಗಾಗಿ ಲಿನಕ್ಸ್‌ನಲ್ಲಿ ಆಟ ಇಲ್ಲ ಅಂತ ಯಾರೂ ಹೇಳಬೇಡಿ.

ತಾಳಿಕೋಟಿ ಟೆಕ್ಕಿ

ಲೈಸೆನ್ಸ್ ವಿಷಯ ಬಂದರೆ, ರೊಕ್ಕ ಇಲ್ಲದೆ ವಿಂಡೋಸ್ ಚಾಲೂ ಮಾಡೋ ಆಕ್ಟಿವೇಟರ್ ನನ್ನ ಹತ್ತಿರ ಇದೆ, ಬೇಕಾದವರು ಹೇಳಿ.

ಖಾನಾಪುರ ಮಳೆ

ಆ ಅಂಗಡಿಯಲ್ಲಿ ಜನರ ಆಧಾರ್, ಪ್ಯಾನ್, ಪಹಣಿ ಸ್ಕ್ಯಾನ್ ಆಗುತ್ತೆ. ಎಲ್ಲಿಂದಲೋ ಇಳಿಸಿದ ಆಕ್ಟಿವೇಟರ್‌ಗಾಗಿ ಆಂಟಿವೈರಸ್ ಬಂದ್ ಮಾಡಿ ಅಂತೀರಾ? ಅವರದ್ದು ಅಸಲಿ ವಿಂಡೋಸ್ 10 ಆಗಿದ್ದರೆ ಅದೇ ಬೋರ್ಡ್ ಮೇಲೆ 11 ತಾನೇ ಆಕ್ಟಿವೇಟ್ ಆಗುತ್ತೆ.

ತಾಳಿಕೋಟಿ ಟೆಕ್ಕಿ

ಊರೆಲ್ಲ ಹಾಗೇ ನಡೀತಾ ಇದೆ. ನೀವೊಬ್ಬರೇ ಕಾನೂನು.

ಡಿಟಿಪಿ ಅಕ್ಕ

ಅವರೊಬ್ಬರೇ ಅಲ್ಲ, ನಾನೂ ಇದ್ದೀನಿ. ಗಿರಾಕಿಯ ಕಾಗದ ನಮ್ಮ ಮಷಿನ್‌ನಿಂದ ಸೋರಿದರೆ ನಾಳೆ ಬಾಗಿಲು ತೆಗೆಯೋದು ಹೇಗೆ?

ಚಿಕ್ಕೋಡಿ ಚಿಪ್

ಬೋರ್ಡ್ ಬದಲಿಸೋದಾದರೆ ಎಎಂಡಿ ಕಡೆ ಹೋಗಿ. ಎಎಂ4 ಸಾಕೆಟ್ ಬೋರ್ಡು, ಡಿಡಿಆರ್4. ನಿಮ್ಮ ರ‍್ಯಾಮ್, ಕಾರ್ಡ್, ಕ್ಯಾಬಿನೆಟ್ ಎಲ್ಲ ಅದಕ್ಕೇ ಬರುತ್ತೆ. ಈ ರ‍್ಯಾಮ್ ರೇಟಿನಲ್ಲಿ ಅದೇ ದೊಡ್ಡ ಉಳಿತಾಯ. ಇವತ್ತು ರೈಜನ್ 5 2600 ಹಾಕಿ, ಮುಂದೆ ಬಯಾಸ್ ಅಪ್‌ಡೇಟ್ ಮಾಡಿ 5600ಕ್ಕೆ ಏರಬಹುದು. ಇಂಟೆಲ್‌ನಲ್ಲಿ ಅಷ್ಟು ದೂರ ಒಂದೇ ಬೋರ್ಡಿನಲ್ಲಿ ಹೋಗೋಕೆ ಆಗೋದಿಲ್ಲ. ಕಾಕಾ, ಇದಕ್ಕಾದರೂ ಒಪ್ಪುತ್ತೀರಾ?

ರಿಪೇರಿ ಕಾಕಾ

ಇದು ಅಗದಿ ಬರೋಬ್ಬರಿ ಮಾತು. ಒಂದೇ ಎಚ್ಚರ. ಸೆಕೆಂಡ್‌ಹ್ಯಾಂಡ್‌ನಲ್ಲಿ 2200ಜಿ, 2400ಜಿ ಅಗ್ಗಕ್ಕೆ ಸಿಗುತ್ತವೆ. ಹೆಸರಲ್ಲಿ 2000 ಇದ್ದರೂ ಅವು 11ರ ಪಟ್ಟಿಯಲ್ಲಿ ಇಲ್ಲ. ಮೊದಲ ಪೀಳಿಗೆಯ 1600 ಕೂಡ ಇಲ್ಲ. ಇಂಟೆಲ್ ಬೇಕು ಅಂದರೆ ಎಚ್310 ಬೋರ್ಡಿಗೆ ಐ3-8100. ಅದರಲ್ಲೂ ನಾಲ್ಕು ಕೋರ್, 7400ಗಿಂತ ಕಮ್ಮಿ ಇಲ್ಲ.

ಬದಾಮಿ ಬಿಟ್ಸ್

1050 ಟಿಐ ಬಗ್ಗೆಯೂ ಹೇಳಿಬಿಡಿ. ಆ ಸರಣಿಗೆ ಹೊಸ ಆಟಗಳ ಡ್ರೈವರ್ 2025ರ ಅಕ್ಟೋಬರ್‌ಗೆ ಮುಗಿಯಿತು. ಭದ್ರತಾ ತೇಪೆ ಮಾತ್ರ 2028ರ ಅಕ್ಟೋಬರ್ ತನಕ.

ಗುಮ್ಮಟನಗರಿ ಗೇಮರ್

ವ್ಯಾಲರಂಟ್, ಜಿಟಿಎ 5ಕ್ಕೆ ಆ ಕಾರ್ಡ್ ಧಾರಾಳ ಸಾಕು. ಲಿನಕ್ಸ್‌ನಲ್ಲಿ ಮಾತ್ರ ಆ ಪೀಳಿಗೆಯ ಎನ್‌ವಿಡಿಯಾ ಕಾರ್ಡು ಡೈರೆಕ್ಟ್‌ಎಕ್ಸ್ 12 ಆಟಗಳಲ್ಲಿ ಸೋಲುತ್ತೆ, ವಿಂಡೋಸ್‌ಗಿಂತ ಕಡಿಮೆ ಫ್ರೇಮ್. ತಿಮ್ಮಣ್ಣ ಒಪ್ಪಲೇಬೇಕು.

ಟರ್ಮಿನಲ್ ತಿಮ್ಮ

12ರಲ್ಲಿ ಹೌದು. 9, 11ರಲ್ಲಿ ಅಲ್ಲ. ಎಎಂಡಿ ಕಾರ್ಡ್ ಆಗಿದ್ದರೆ ಈ ಮಾತೇ ಬರ್ತಿರಲಿಲ್ಲ, ಅದರ ಡ್ರೈವರ್ ಲಿನಕ್ಸ್ ಜೊತೆಗೇ ಬರುತ್ತೆ.

ಆದರೂ ಝೆರಾಕ್ಸ್ ಅಣ್ಣಾ, ಒಂದು ಕೆಲಸ ಮಾಡಿ. ಮನೆಯಲ್ಲಿ ಮೂಲೆಗೆ ಬಿದ್ದ ಹಳೆ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಮಿಂಟ್ ಹಾಕಿ. ಮಿಂಟ್ 22ಕ್ಕೆ 2029ರ ತನಕ ಅಪ್‌ಡೇಟ್ ಇದೆ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಡಿಸ್ಕ್‌ಗೆ ಏನೂ ಆಗೋದಿಲ್ಲ. ಗಿರಾಕಿಗಳ ಪೆನ್‌ಡ್ರೈವ್ ಅದಕ್ಕೇ ಚುಚ್ಚಿ ಪ್ರಿಂಟ್ ಕೊಡಿ. ವಿಂಡೋಸ್ ವೈರಸ್ಸು ಅಲ್ಲಿ ಸುಮ್ನೆ ಬಿದ್ದಿರುತ್ತೆ. ಅಪ್ಪಾಜಿಯ ಪಿಸಿ ಹತ್ತಿರ ಆ ವೈರಸ್ಸು ಹೋಗೋದೇ ಇಲ್ಲ.

ಡಿಟಿಪಿ ಅಕ್ಕ

ತಿಮ್ಮಣ್ಣ, ಈಗ ಕೆಲಸಕ್ಕೆ ಬರೋ ಮಾತು ಹೇಳಿದಿರಿ. ಆದರೆ ಪ್ರಿಂಟರ್ ಲಿನಕ್ಸ್‌ಗೆ ಹೊಂದುತ್ತಾ ಮೊದಲು ನೋಡಬೇಕು. ನಮ್ಮ ಹಳೆ ಲೇಸರ್ ಪ್ರಿಂಟರ್ ಹೊಂದಲಿಲ್ಲ.

ನವನಗರ ಝೆರಾಕ್ಸ್

ಹಳೆ ಲ್ಯಾಪ್‌ಟಾಪ್ ಇದೆ! ಪ್ರಿಂಟರ್ ಎಚ್‌ಪಿ.

ಟರ್ಮಿನಲ್ ತಿಮ್ಮ

ಎಚ್‌ಪಿ ಅಂದರೆ ಬಹುತೇಕ ಚಿಂತೆ ಇಲ್ಲ. ಎಚ್‌ಪಿಲಿಪ್ ಅನ್ನೋ ಡ್ರೈವರ್ ಮಿಂಟ್‌ನಲ್ಲೇ ಸಿಗುತ್ತೆ. ಮಾಡೆಲ್ ನಂಬರ್ ಹಾಕಿ, ನೋಡಿ ಹೇಳ್ತೀನಿ.

ನವನಗರ ಝೆರಾಕ್ಸ್

ನಾಳೆ ಅಂಗಡಿಗೆ ಹೋಗಿ ನೋಡಿ ಹಾಕ್ತೀನಿ. ಸದ್ಯಕ್ಕೆ ಲೆಕ್ಕ ಹೀಗೆ: ಇಎಸ್‌ಯು ನೋಂದಣಿ, ಎಸ್‌ಎಸ್‌ಡಿ, ಯುಪಿಎಸ್ ಬ್ಯಾಟರಿ. ಅಕ್ಟೋಬರ್ ಒಳಗೆ ಎಎಂ4 ಬೋರ್ಡ್ ಹುಡುಕೋದು. ಅಪ್ಪಾಜಿಗೆ ಪರದೆ ಮೇಲೆ ಏನೂ ಬದಲಾಗಬಾರದು ಅನ್ನೋದೇ ಷರತ್ತು.

ಕುಂದಾ ಪ್ರಿಯ

ಮ್ಯಾಕ್ ಮಿನಿ ಇನ್ನೊಮ್ಮೆ ವಿಚಾರ ಮಾಡಬಹುದಿತ್ತು.

ಕರದಂಟು 404

ಯಾರಾದರೂ ಇವರಿಗೆ ಒಂದು ಕಿಲೋ ಕರದಂಟು ಕಳಿಸಿ, ಬಾಯಿ ತುಂಬಿರಲಿ.

ನಾನೇ ಆ ತಮ್ಮ

5600 ಹಾಕಿದರೆ ಜಿಟಿಎ 6 ಓಡುತ್ತಾ?

ಗುಮ್ಮಟನಗರಿ ಗೇಮರ್

ಜಿಟಿಎ 6 ಘೋಷಿಸಿರೋದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಪಿಸಿಗೆ ಅಂತ ಹೇಳೇ ಇಲ್ಲ ತಮ್ಮಾ.

ನಾನೇ ಆ ತಮ್ಮ

ಅಣ್ಣಾ, ಹಾಗಾದರೆ ಬೋರ್ಡ್ ಬೇಡ, ಆ ರೊಕ್ಕ ಕೂಡಿಡು.

ನವನಗರ ಝೆರಾಕ್ಸ್

ನೀನು ಮೊದಲು ಆ ಫ್ಯಾನ್ ಧೂಳು ಹೊಡಿ.